ಕಾಗದವಿಲ್ಲದ ಶಿಸ್ತು ಜೀತವೇ ಸೈ

ಹಾಸ್ಟೆಲಿನಲ್ಲಿ ಕೂತು ಈ ಪುಟ ಓದುವ ನಿಮ್ಮಲ್ಲಿ ಬಹಳ ಮಂದಿ ಬರುವ ವರ್ಷ ಬಿ.ಎ. ಮುಗಿಸುತ್ತೀರಿ. ಮುಗಿದ ಮರುದಿನವೇ ಹಾಸ್ಟೆಲಿನ ಅನ್ನ ನಿಲ್ಲುತ್ತದೆ. ಸರ್ಕಾರಿ ನೌಕರಿಗೆ ಅರ್ಜಿ ಹಾಕಿ ಕಾಯುತ್ತೀರಿ. ನಾವು ಕಾಯಬಹುದು, ಹೊಟ್ಟೆ ಕಾಯುವುದಿಲ್ಲ. ಆಗ ಯಾರೋ ಒಬ್ಬರು ಬಂದು, 'ಬಜಾರದಾಗ ಒಬ್ಬ ಸಾಹುಕಾರ ಅದಾನ. ಭಾಳ ಸ್ಟ್ರಿಕ್ಟು, ಹಳೇ ಪದ್ಧತಿ ಮನುಷ್ಯ. ಆದ್ರ ಮನಸ ಛಲೋ ಅದ. ಹೋಗಿ ನಿಂದ್ರು' ಅಂತಾರೆ.

ನಾವು ಮೂವರು ಹಾಗೇ ಹೋಗಿ ನಿಂತವರು. ಹುಮನಾಬಾದಿನ ಒಂದು ಅಡತಿ ಕಚೇರಿಯಲ್ಲಿ 17 ತಿಂಗಳು ಗುಮಾಸ್ತಗಿರಿ ಮಾಡಿದೆವು. ಈಗ ಅಲ್ಲಿಲ್ಲ. ಸಾಹುಕಾರರ ಹೆಸರು ಇಲ್ಲಿ ಬರೆಯುವುದಿಲ್ಲ, ಅಂಗಡಿಯ ಹೆಸರೂ ಬರೆಯುವುದಿಲ್ಲ. ಒಬ್ಬನ ಮೇಲಿನ ಸಿಟ್ಟು ತೀರಿಸಿಕೊಳ್ಳೋದಕ್ಕೆ ಈ ಪುಟ ಅಲ್ಲ. ಹೆಸರು ಹೇಳಿದರೆ ನೀವು 'ಅವನೊಬ್ಬ ಕೆಟ್ಟವ' ಅಂತ ಮುಗಿಸಿಬಿಡ್ತೀರಿ. ನಾವು ಹೇಳಬೇಕಾದ್ದು ಬೇರೆ ಇದೆ. ಅವರು ಕೆಟ್ಟವರಾಗಿರಲಿಲ್ಲ. ಅದೇ ದೊಡ್ಡ ತೊಂದರೆ.

ಕಚೇರಿ ಹೇಗಿತ್ತು ಕೇಳಿ. ಮಾರುಕಟ್ಟೆಯಲ್ಲಿ ಅಂಗಡಿಗಳ ಸಾಲು. ಪ್ರತಿ ಅಂಗಡಿಯ ಮುಂದೆ ಕಟ್ಟೆ, ಕಟ್ಟೆಯ ಮೇಲೆ ಕಾಳಿನ ರಾಶಿ. ಮಳೆಗಾಲ ಮುಗಿಯುತ್ತ ಬಂದಾಗ ಹೆಸರು, ಉದ್ದು. ದಸರೆ ದೀಪಾವಳಿ ಹೊತ್ತಿಗೆ ಸೋಯಾ. ಸಂಕ್ರಾಂತಿ ದಾಟಿತೆಂದರೆ ತೊಗರಿ. ಒಳಗೆ ಬಿಳಿ ಹಾಸಿನ ಗಾದಿ, ಲೋಡು, ಪಕ್ಕದಲ್ಲಿ ತಿಜೋರಿ. ಗಾದಿಯ ಹಿಂದಿನ ಗೋಡೆಗೆ ಬಸವಣ್ಣನವರ ಫೋಟೋ. ಅದರ ಕೆಳಗೆ, ಕಾಯಕ ಮಾಡಿದವನಿಗೆ ಕೈಲಾಸ ಬೇರೆ ಬೇಕಾಗಿಲ್ಲ ಅನ್ನುವ ಅರ್ಥದ ಬೋರ್ಡು. ಗಾದಿಯಿಂದ ಮೂರು ಮಾರು ದೂರ, ಬಾಗಿಲ ಬದಿಗೆ ನಮ್ಮ ಕಬ್ಬಿಣದ ಮೇಜು, ಕಂಪ್ಯೂಟರು, ಮೂರು ಸ್ಟೂಲು.

ನಿಯಮಗಳು ಬಹಳ ಇದ್ದವು. ಬೆಳಿಗ್ಗೆ 8ಕ್ಕೆ ಹಾಜರಿ. ಐದು ನಿಮಿಷ ತಡವಾದರೆ ಅರ್ಧ ದಿನದ ಪಗಾರ ಕಟ್. ಸಾಹುಕಾರರು ಒಳಗೆ ಬಂದರೆ ಎದ್ದು ನಿಲ್ಲಬೇಕು. ಅವರು ನಿಂತಿರುವಷ್ಟು ಹೊತ್ತು ನಾವೂ ನಿಂತೇ ಇರಬೇಕು. ಕಿರ್ದಿಯಲ್ಲಿ ತಿದ್ದಿ ಬರೆಯಬಾರದು. ಗಿರಾಕಿಯ ಎದುರು ನಗಬಾರದು. ಕೆಲಸದ ಹೊತ್ತಲ್ಲಿ ಫೋನ್ ಮುಟ್ಟಬಾರದು. ಆದರೆ ರಾತ್ರಿ 11ಕ್ಕೆ ಅವರ ಫೋನ್ ಬಂದರೆ ಎತ್ತಲೇಬೇಕು. ನೀಲಿ ಬ್ಯಾಡ್ಜು ಹಾಕಿಕೊಂಡು ಒಳಗೆ ಬರಬಾರದು. 'ಇದು ಯಾಪಾರದ ಜಾಗ. ರಾಜಕಾರಣ ಚಪ್ಪಲಿ ಸಂಗಟ ಹೊರಗ ಬಿಟ್ಟು ಬರ್ರಿ' ಅಂತಿದ್ದರು. ಬರುವುದಕ್ಕೆ ಗಡಿಯಾರ ಇತ್ತು, ಹೋಗುವುದಕ್ಕೆ ಗಡಿಯಾರ ಇರಲಿಲ್ಲ. ಅವರು ಗಾದಿಯಿಂದ ಎದ್ದ ಮೇಲೆ ನಾವು ಸ್ಟೂಲಿನಿಂದ ಏಳಬೇಕು. ಸುಗ್ಗಿಯ ದಿನಗಳಲ್ಲಿ ಹತ್ತೂ ಆಗುತ್ತಿತ್ತು, ಹನ್ನೊಂದೂ ಆಗುತ್ತಿತ್ತು.

ಸುಳ್ಳು ಬರೆಯಬಾರದು. ಆ ಮನುಷ್ಯ ನಮಗಿಂತ ಹತ್ತು ನಿಮಿಷ ಮೊದಲೇ ಬಂದಿರುತ್ತಿದ್ದರು. ತೂಕದಲ್ಲಿ ರೈತನಿಗೆ ಮೋಸ ಮಾಡಿದ್ದು ನಾವು ನೋಡಲಿಲ್ಲ. ಬಿ.ಎ.ಯ ಮೂರು ವರ್ಷದಲ್ಲಿ ಕಲಿಯದ್ದನ್ನು ಅವರು ಮೂರು ತಿಂಗಳಲ್ಲಿ ಕಲಿಸಿದರು. ಕಿರ್ದಿಯಿಂದ ಖಾತೆಗೆ ಲೆಕ್ಕ ಎತ್ತುವುದು, ಜಮಾ ಖರ್ಚು ತಾಳೆ ನೋಡುವುದು, ಒಂದು ರೂಪಾಯಿ ವ್ಯತ್ಯಾಸ ಬಂದರೂ ಹುಡುಕದೆ ಏಳದಿರುವುದು. ನಮ್ಮಲ್ಲೊಬ್ಬನ ತಾಯಿಗೆ ಕಾಯಿಲೆಯಾದಾಗ ಕೇಳಿದ ಕೂಡಲೇ 6,000 ಎಣಿಸಿ ಕೊಟ್ಟರು. ಆವತ್ತು ನಾವು ಮೂವರೂ ಕಣ್ಣಲ್ಲಿ ನೀರು ತಂದುಕೊಂಡೆವು.

ಆ 6,000 ಆಮೇಲೆ ಹೇಗೆ ವಾಪಸ್ ಹೋಯಿತು ಗೊತ್ತೇ? ರೊಕ್ಕವಾಗಿ ಹೋಗಲಿಲ್ಲ. ಭಾನುವಾರಗಳಾಗಿ ಹೋಯಿತು. ಸೂಟಿ ಕೇಳಲು ಬಾಯಿ ತೆರೆದರೆ ಸಾಹುಕಾರರು ಏನೂ ಅನ್ನುತ್ತಿರಲಿಲ್ಲ. 'ನಿಮ್ಮ ಅವ್ವ ಈಗ ಹ್ಯಾಂಗದಾಳ?' ಅಂತ ಕೇಳುತ್ತಿದ್ದರು. ಅಷ್ಟೇ. ನಮ್ಮವ ಬಾಯಿ ಮುಚ್ಚಿಕೊಂಡು ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದ. ಹಳ್ಳಿಯಲ್ಲಿ ನಮ್ಮ ತಾತನ ಹೆಬ್ಬೆಟ್ಟು ಒತ್ತಿಸಿಕೊಂಡು ಗೌಡ ಜೀತಕ್ಕೆ ಇಟ್ಟುಕೊಂಡಿದ್ದ. ಇಲ್ಲಿ ಹೆಬ್ಬೆಟ್ಟೂ ಬೇಕಾಗಲಿಲ್ಲ. ಉಪಕಾರ ಒಂದೇ ಸಾಕಾಯಿತು.

ಇನ್ನು ಚಹಾದ ಮಾತು. ಗಾದಿಗೆ ಬಂದವರಿಗೆ ಸ್ಟೀಲಿನ ವಾಟಿ. ನಮಗೂ ಹಮಾಲರಿಗೂ ಕಾಗದದ ಕಪ್ಪು. ಮೊದಲ ದಿನ ನಾವು ಮುಖ ಮುಖ ನೋಡಿಕೊಂಡೆವು. ಹಳೇ ಮುನೀಮರು ನಗುತ್ತ, 'ಅಂಥಾದ್ದೇನಿಲ್ಲ ತಮ್ಮಾ, ಕರೋನಾ ಬಂದಾಗ ಮಾಡಿದ ಪದ್ಧತಿ' ಅಂದರು. ಆಗಲಿ. ರೋಗ 2020ರಲ್ಲಿ ಬಂತು. ರೋಗ ಹೋದ ಮೇಲೆ ಗಾದಿಗೆ ಸ್ಟೀಲಿನ ವಾಟಿ ವಾಪಸ್ ಬಂತು, ನಮಗೆ ಮಾತ್ರ ಕಪ್ಪು ಉಳಿಯಿತು. ರೋಗಕ್ಕೂ ಜಾತಿ ಗೊತ್ತಿತ್ತು ಅನ್ನಬೇಕು. ಹಳ್ಳಿಯ ಹೋಟೆಲಿನ ಸೂರಿಗೆ ಸಿಕ್ಕಿಸಿಟ್ಟ ಬೇರೆ ಲೋಟ ನೀವೂ ನೋಡಿದ್ದೀರಿ. ಅದನ್ನು ನಾವೇ ತೊಳೆದಿಡಬೇಕಿತ್ತು. ಇದನ್ನು ತೊಳೆಯುವ ಕೆಲಸವೂ ಇಲ್ಲ, ಬಿಸಾಡಿದರಾಯಿತು. ಸಾಕ್ಷಿಯೇ ಉಳಿಯುವುದಿಲ್ಲ. ಇದಕ್ಕೆ ನಾಗರಿಕತೆ ಅಂತಾರೆ.

ಇಷ್ಟಾದರೂ ನಾವು ಉಬ್ಬಿಕೊಂಡೇ ಇದ್ದೆವು. ಇದನ್ನೂ ಒಪ್ಪಿಕೊಳ್ಳಬೇಕು. ಇಸ್ತ್ರಿ ಅಂಗಿ, ಕಿಸೆಯಲ್ಲಿ ಪೆನ್ನು, ತಲೆಯ ಮೇಲೆ ಫ್ಯಾನು. ರೈತರು 'ಗುಮಾಸ್ತ ಸಾಹೇಬ್ರ' ಅಂತಿದ್ದರು. ಕೇರಿಯಲ್ಲಿ ನಮ್ಮಪ್ಪ, 'ಮಗ ಆಫೀಸಿನಾಗ ಅದಾನ' ಅಂತ ಹೇಳಿಕೊಂಡು ತಿರುಗುತ್ತಿದ್ದ. ಕಟ್ಟೆಯ ಮೇಲೆ ಚೀಲ ಹೊರುವ ಹಮಾಲರು ನಮ್ಮ ಕೇರಿಯವರೇ. ನೆಲಕ್ಕೆ ಬಿದ್ದ ಕಾಳು ಬಳಿಯುವ ಹೆಣ್ಣುಮಕ್ಕಳೂ ನಮ್ಮವರೇ. ಅವರು ಕರೆದರೆ ನಾವು ಅರ್ಧ ಕಿವಿಯಲ್ಲಿ ಕೇಳುತ್ತಿದ್ದೆವು.

ಒಂದು ಸಂಜೆ ವಯಸ್ಸಾದ ಹಮಾಲ ಕಾಕಾ ಬೆವರು ಒರೆಸಿಕೊಳ್ಳುತ್ತ ನಮ್ಮ ಮೇಜಿನ ಹತ್ತಿರ ಬಂದ. ಚೀಲದ ಲೆಕ್ಕ ಬರೆಸಿದ. ಬರೆಸಿ ಕೇಳಿದ: 'ನಮ್ದು ಚೀಲಕ್ಕ ಇಷ್ಟು ಅಂತ ದರ ಅದಾ. ಮಾರ್ಕೆಟ್ ಕಮಿಟಿ ಬರದದಾ. ನಿಮ್ದು ರೇಟ್ ಎಷ್ಟದ ತಮ್ಮಾ?'

'ನಮ್ದು ಪಗಾರ ಕಾಕಾ, ತಿಂಗಳಿಗಿ 8,000' ಅಂದೆವು.

'ಎಷ್ಟು ತಾಸಿಗಿ?'

ಉತ್ತರ ಇರಲಿಲ್ಲ.

'ಎಲ್ಲಿ ಬರದದಾ?'

ಅದಕ್ಕೂ ಉತ್ತರ ಇರಲಿಲ್ಲ. ಕಾಕಾ ನಗಲಿಲ್ಲ. 'ನಂಗ ಓದ್ಲಾಕ ಬರಂಗಿಲ್ಲ. ಆದ್ರ ನಂದು ಬರದದ. ನಿಮಗ ಓದ್ಲಾಕ ಬರ್ತದ, ನಿಮ್ದು ಎಲ್ಲೂ ಬರದಿಲ್ಲ' ಅಂದು ಟವೆಲ್ ಕೊಡವಿ ಹೋದ.

ಆವತ್ತು ರಾತ್ರಿ ಕೋಣೆಯಲ್ಲಿ ಮೂವರೂ ಉಣ್ಣದೆ ಕೂತೆವು. ಇಡೀ ಅಂಗಡಿಯ ಲೆಕ್ಕ ಬರೆಯುವವರು ನಾವು. ಯಾವ ರೈತನಿಗೆ ಎಷ್ಟು ಉದ್ದರಿ, ಯಾವ ಲಾರಿಗೆ ಎಷ್ಟು ಬಾಡಿಗೆ, ದೇವರ ಊದಿನಕಡ್ಡಿಗೆ ಎಷ್ಟು, ಎಲ್ಲಾ ಬರೆದಿತ್ತು. ನಮ್ಮ ಹೆಸರು ಎಲ್ಲಿದೆ ಅಂತ ಮರುದಿನ ಹುಡುಕಿದೆವು. 'ಹುಡುಗರು' ಅಂತ ಒಂದು ಖಾತೆ ಇತ್ತು. ಮೂವರ ಪಗಾರವೂ, ಕಸಬರಿಗೆಯ ಖರ್ಚೂ ಅದರಲ್ಲೇ ಸೇರಿತ್ತು. ನೇಮಕದ ಕಾಗದ ಇಲ್ಲ, ಪಗಾರದ ಚೀಟಿ ಇಲ್ಲ. ಚಹಾಕ್ಕೆ ಕಾಗದ ಕೊಟ್ಟಿದ್ದರು, ನೌಕರಿಗೆ ಕಾಗದ ಕೊಟ್ಟಿರಲಿಲ್ಲ.

ಇನ್ನು ದೀಪಾವಳಿಯ ಮಾತು ಹೇಳಬೇಕು. ನಾವು ಸೇರಿ ನಾಲ್ಕು ತಿಂಗಳಾಗಿತ್ತು. ಅಮಾವಾಸ್ಯೆಯ ಸಂಜೆ ಅಂಗಡಿಯಲ್ಲಿ ಲಕ್ಷ್ಮೀಪೂಜೆ. ಕೆಂಪು ಬಟ್ಟೆಯ ಹೊಸ ವಹಿ, ತಕ್ಕಡಿ, ಪೆನ್ನು ಎಲ್ಲಾ ಗಾದಿಯ ಮೇಲೆ ಜೋಡಿಸಿದರು. ಈಗ ಲೆಕ್ಕವೆಲ್ಲ ಕಂಪ್ಯೂಟರಿನೊಳಗೆ ಇರೋದರಿಂದ ಅದನ್ನೂ ಎತ್ತಿ ಪಕ್ಕದಲ್ಲಿಟ್ಟು ಕುಂಕುಮ ಹಚ್ಚಿದರು. ಎತ್ತಿ ಇಟ್ಟವರು ನಾವೇ. ಇಟ್ಟ ಮೇಲೆ ಮುನೀಮರು ಮೆಲ್ಲಗೆ, 'ಈಗ ನೀವು ಕಟ್ಟಿ ಮ್ಯಾಲ ನಿಂದ್ರಿ. ಪೂಜಿ ಆದ ಮ್ಯಾಲ ಕರೀತೀವಿ' ಅಂದರು. ಹೊರಗೆ ಹಮಾಲರ ಜೊತೆ ನಿಂತೆವು. ವರ್ಷವಿಡೀ ಆ ವಹಿಯಲ್ಲಿ ಬರೆಯುವುದು ನಮ್ಮ ಕೈ. ಪೂಜೆಯ ಒಂದು ತಾಸು ಮಾತ್ರ ಆ ಕೈ ಮೈಲಿಗೆ. ಪೂಜೆಯಾದ ಮೇಲೆ ಪೇಢೆ ಬಂತು. ಕಾಗದದ ಮೇಲೆ ಇಟ್ಟುಕೊಟ್ಟರು. ನಾವು ತಿಂದೆವು.

ಹೌದು, ತಿಂದೆವು. ಮರುದಿನ 8ಕ್ಕೆ ಹೋಗಿ ಕುಂಕುಮ ಒರೆಸಿ ಲೆಕ್ಕ ಬರೆಯಲು ಕೂತೆವು. ಒಂದು ವರ್ಷ ಸುಮ್ಮನಿದ್ದೆವು.

ಗೆಳೆಯರೇ, ಗೋಡೆಯ ಮೇಲಿನ ಬಸವಣ್ಣನವರ ಫೋಟೋ ನಮ್ಮನ್ನು ದಿನಾ ನೋಡುತ್ತಿತ್ತು. ಹುಮನಾಬಾದಿನಿಂದ ಬಸವಕಲ್ಯಾಣ ದೂರವೇನಲ್ಲ, ಬಸ್ಸು ಹತ್ತಿದರೆ ಸುಮಾರು ಒಂದು ತಾಸು. ಅಲ್ಲಿ 108 ಅಡಿಯ ಬಸವಣ್ಣನ ಮೂರ್ತಿ ಎದ್ದು ನಿಂತಿದೆ. 2021ರಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಹಾಕಿದರು. 2024ರಲ್ಲಿ ಸರ್ಕಾರ ಬಸವಣ್ಣನನ್ನು ಸಾಂಸ್ಕೃತಿಕ ನಾಯಕ ಅಂತ ಘೋಷಿಸಿ, ಸರ್ಕಾರಿ ಕಚೇರಿಗಳಲ್ಲೆಲ್ಲ ಫೋಟೋ ಹಾಕಿಸಿತು. ಒಳ್ಳೆಯದೇ. ಆದರೆ ಫೋಟೋದ ಕೆಳಗೆ ಕೂತವರು ಒಂದು ಮಾತು ಮರೆತಿದ್ದಾರೆ. ಬಸವಣ್ಣ ಕೂಡ ಗುಮಾಸ್ತನಾಗಿದ್ದವ. ಬಿಜ್ಜಳನ ಭಂಡಾರದಲ್ಲಿ ಕರಣಿಕನಾಗಿ ಲೆಕ್ಕ ಬರೆಯುತ್ತ ಬರೆಯುತ್ತ ಮೇಲೆ ಬಂದವ ಅಂತ ಶರಣರ ಕಥೆಗಳು ಹೇಳುತ್ತವೆ. ಹರಳಯ್ಯ ಒಂದು ಸಲ 'ಶರಣು' ಅಂದರೆ ಬಸವಣ್ಣ ಎರಡು ಸಲ ಶರಣೆಂದನಂತೆ. ಆ ಒಂದು ಹೆಚ್ಚಿನ ಶರಣು ತನ್ನ ಮೇಲೆ ಸಾಲವಾಯಿತು ಅಂತ ಹರಳಯ್ಯ ತನ್ನ ಮತ್ತು ಹೆಂಡತಿಯ ತೊಡೆಯ ಚರ್ಮದಲ್ಲಿ ಮೆಟ್ಟು ಮಾಡಿದನಂತೆ. ನಾವು 17 ತಿಂಗಳು ದಿನಾ ಬೆಳಿಗ್ಗೆ ಶರಣು ಅಂದೆವು. ವಾಪಸ್ ಒಂದೂ ಬರಲಿಲ್ಲ. ಸಾಹುಕಾರರು ತಲೆ ಎತ್ತದೆ ಗಡಿಯಾರ ನೋಡುತ್ತಿದ್ದರು.

ಇನ್ನೊಂದು ಕಥೆ ನಿಮಗೆ ಗೊತ್ತು. ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ನಮ್ಮ ಕಾಯಕಕ್ಕೆ ಸಲ್ಲುವುದಿಷ್ಟೇ, ಉಳಿದದ್ದನ್ನು ಸುರಿದು ಬಾ ಅಂತ ವಾಪಸ್ ಕಳಿಸಿದಳು. ಕಾಯಕ ಅಂದರೆ ಇದು. ಬೇಕಾದಷ್ಟು ದುಡಿ ಅನ್ನುವ ಮಾತಿನ ಜೊತೆಗೇ, ಬೇಕಾದ್ದಕ್ಕಿಂತ ಹೆಚ್ಚು ಕೂಡಿಡಬೇಡ ಅನ್ನುವ ಮಾತೂ ಇದೆ. ನಮ್ಮ ಸಾಹುಕಾರರು ಬೋರ್ಡಿನಲ್ಲಿ ಮೊದಲ ಅರ್ಧ ಬರೆಸಿದರು, ಎರಡನೇ ಅರ್ಧ ಬಿಟ್ಟರು. ದುಡಿಮೆ ನಮಗೆ ಬಂತು, ಕೈಲಾಸ ತಿಜೋರಿಗೆ ಹೋಯಿತು.

ನಮ್ಮ ಪಾಪವನ್ನೂ ಇಲ್ಲೇ ಹೇಳುತ್ತೇವೆ. ಕಟ್ಟೆಯ ಮೇಲೆ ಕಾಳು ಬಳಿಯುವ ಹೆಣ್ಣುಮಕ್ಕಳು ಮಣ್ಣು ಕಸ ಹಸನು ಮಾಡಿ, ಮೊರದಲ್ಲಿ ಉಳಿದದ್ದನ್ನು ಮನೆಗೆ ಒಯ್ಯುತ್ತಿದ್ದರು. ಒಂದು ಸುಗ್ಗಿಯಲ್ಲಿ ಸಾಹುಕಾರರು, 'ಅದನ್ನೂ ತೂಗಿ ಬರೀರಿ, ಅರ್ಧ ಇಟ್ಕೊಳ್ರಿ' ಅಂದರು. ತೂಗಿದವರು ಯಾರು? ನಾವು. ಅವ್ವನ ವಯಸ್ಸಿನ ಹೆಂಗಸಿನ ಮೊರದಿಂದ ಅರ್ಧ ತೊಗರಿ ಸುರುವಿಸಿಕೊಂಡು ಕಿರ್ದಿಯಲ್ಲಿ ಬರೆದದ್ದು ಈ ಕೈ. ಲಕ್ಕಮ್ಮ ಹೆಚ್ಚಾದದ್ದನ್ನು ವಾಪಸ್ ಕಳಿಸಿದಳು. ನಾವು ಆ ತಾಯಿಯ ಬೇಕಾದ್ದನ್ನೇ ಕಸಿದುಕೊಂಡೆವು. ಆಕೆ ಏನೂ ಅನ್ನಲಿಲ್ಲ. 'ಕಲ್ತ ಮಕ್ಕಳು' ಅಂದಳು ಅಷ್ಟೇ. ಕಟ್ಟುನಿಟ್ಟಿನ ಮಾಲಕ ನಮ್ಮ ಮೇಲೆ ಕಟ್ಟುನಿಟ್ಟು ಮಾಡಿ ಸುಮ್ಮನಿರುವುದಿಲ್ಲ. ನಮ್ಮ ಕೈಯನ್ನೇ ನಮ್ಮವರ ಮೇಲೆ ಕೋಲು ಮಾಡಿಕೊಳ್ಳುತ್ತಾನೆ. ಪೆನ್ನು ಹಿಡಿದವರು ಇದನ್ನು ನೆನಪಿಡಬೇಕು.

ಇದು ನಮ್ಮ ಮೂವರ ಕಥೆ ಮಾತ್ರವಲ್ಲ. ಬಾಬಾಸಾಹೇಬರ ಬರೋಡಾ ನೌಕರಿ ನೆನೆಸಿಕೊಳ್ಳಿ. ಅಮೆರಿಕದಲ್ಲಿ, ಲಂಡನ್ನಿನಲ್ಲಿ ಓದಿ 1917ರಲ್ಲಿ ಅವರು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದರು. ವಿದ್ಯಾರ್ಥಿವೇತನ ಕೊಟ್ಟ ಸಂಸ್ಥಾನಕ್ಕೆ ಹತ್ತು ವರ್ಷ ಸೇವೆ ಮಾಡುವ ಕರಾರಿತ್ತು. ಮಹಾರಾಜ ಒಳ್ಳೆಯವರೇ. ಆದರೆ ಕಚೇರಿಯ ಜವಾನ ಕೂಡ ಫೈಲನ್ನು ದೂರದಿಂದ ಎಸೆಯುತ್ತಿದ್ದ. ಕುಡಿಯಲು ನೀರಿಲ್ಲ. ಊರಲ್ಲಿ ಉಳಿಯಲು ಜಾಗ ಸಿಗದೆ ಬೇರೆ ಹೆಸರು ಹೇಳಿ ಪಾರ್ಸಿ ವಸತಿಗೃಹ ಸೇರಿದರು. ಹನ್ನೊಂದನೇ ದಿನ ಬಡಿಗೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಕಡೆಗೆ ನೌಕರಿಯನ್ನೇ ಬಿಟ್ಟು ಬಂದರು. ಮಾಲಕ ಒಳ್ಳೆಯವನಾದರೆ ಸಾಲದು, ಕಚೇರಿ ಒಳ್ಳೆಯದಾಗಬೇಕು ಅನ್ನುವ ಪಾಠ ಅಲ್ಲಿಂದಲೇ ನಮಗೆ ಬಂದಿದೆ.

ಅವರು ಆ ಅವಮಾನವನ್ನು ಎದೆಯಲ್ಲಿ ಇಟ್ಟುಕೊಂಡು ಕೊರಗಲಿಲ್ಲ. 1938ರ ಫೆಬ್ರವರಿಯಲ್ಲಿ ಮನಮಾಡದಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಸಮ್ಮೇಳನದಲ್ಲಿ ನಿಂತು, ದುಡಿಯುವವರಿಗೆ ವೈರಿಗಳು ಇಬ್ಬರು ಅಂತ ಹೇಳಿದರು. ಬ್ರಾಹ್ಮಣ್ಯ ಒಂದು, ಬಂಡವಾಳಶಾಹಿ ಇನ್ನೊಂದು. ಬ್ರಾಹ್ಮಣ್ಯ ಅಂದರೆ ಒಂದು ಜಾತಿಯ ಜನ ಅಲ್ಲ, ಸ್ವಾತಂತ್ರ್ಯ ಸಮಾನತೆ ಸೋದರತೆಯನ್ನು ಅಲ್ಲಗಳೆಯುವ ಗುಣ, ಅದು ಎಲ್ಲ ಜಾತಿಗಳಲ್ಲೂ ಇದೆ ಅಂತಲೂ ಬಿಡಿಸಿ ಹೇಳಿದರು. ಅಡತಿಯ ಗಾದಿಯ ಮೇಲೆ ಈ ಇಬ್ಬರೂ ಒಂದೇ ಲೋಡಿಗೆ ಒರಗಿ ಕೂತದ್ದನ್ನು ನಾವು ಕಣ್ಣಾರೆ ನೋಡಿದೆವು. ತಾಸಿನ ಲೆಕ್ಕ ಇಲ್ಲದೆ ದುಡಿಸುವವ ಒಬ್ಬ, ಕಾಗದದ ಕಪ್ಪು ಕೊಡುವವ ಇನ್ನೊಬ್ಬ.

1942ರಿಂದ 1946ರವರೆಗೆ ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಖಾತೆ ಹಿಡಿದವರು ಅದೇ ಬಾಬಾಸಾಹೇಬರು. ಕನಿಷ್ಠ ಕೂಲಿಯ ಮಸೂದೆಯನ್ನು 1946ರಲ್ಲಿ ಮಂಡಿಸಿದವರು ಅವರು. ಅದು 1948ರಲ್ಲಿ ಕಾಯ್ದೆಯಾಯಿತು. ಈಗ ಅದರ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ, 2025ರ ನವೆಂಬರ್ 21ರಂದು ಜಾರಿಯಾಯಿತು. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ದಿನಕ್ಕೆ 9 ತಾಸು, ವಾರಕ್ಕೆ 48 ತಾಸು, ಅದಕ್ಕೂ ಹೆಚ್ಚು ದುಡಿಸಿದರೆ ಎರಡು ಪಟ್ಟು ಕೂಲಿ, ವಾರಕ್ಕೊಂದು ಸೂಟಿ ಅಂತ ಆ ಕಾಯ್ದೆಯಲ್ಲಿ ಬರೆದರು. ಕೆಲಸಕ್ಕೆ ಸೇರಿದ 30 ದಿನದೊಳಗೆ ಹೆಸರು, ಹುದ್ದೆ, ಪಗಾರ ಬರೆದ ನೇಮಕದ ಆದೇಶ ಕೊಡಬೇಕು ಅಂತಲೂ ಅದರಲ್ಲೇ ಸೇರಿಸಿದರು. ಆರು ತಿಂಗಳು ದುಡಿದವನನ್ನು ಕಾರಣವಿಲ್ಲದೆ, ಒಂದು ತಿಂಗಳ ನೋಟಿಸು ಅಥವಾ ಪಗಾರ ಕೊಡದೆ ತೆಗೆಯಬಾರದು ಅಂತ ಬರೆದರು. 9 ತಾಸನ್ನು 10 ಮಾಡೋಣ ಅಂತ 2025ರಲ್ಲಿ ಸರ್ಕಾರ ಪ್ರಸ್ತಾಪ ತಂದಾಗ ಕಾರ್ಮಿಕ ಸಂಘಗಳು ವಿರೋಧಿಸಿದವು. ಸುದ್ದಿ ಓದಿ ನಾವು ನಕ್ಕೆವು. ನಮ್ಮದು ಆಗಲೇ 13 ತಾಸಾಗಿತ್ತು. ಆಮೇಲೆ ನಗೆ ನಿಂತಿತು. 13 ತಾಸು ದುಡಿದೆವು ಅನ್ನುವುದಕ್ಕೆ ನಮ್ಮ ಹತ್ತಿರ ಒಂದು ಚೂರು ಕಾಗದವೂ ಇರಲಿಲ್ಲ.

ಈಗ ನಾವು ಹೇಳಬೇಕಾದ್ದಕ್ಕೆ ಬರುತ್ತೇವೆ. ಶಿಸ್ತಿಗೆ ನಾವು ಹೆದರುವವರಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಹಾಸ್ಟೆಲಿನ ನಲ್ಲಿಗೆ ಸಾಲು ಹಚ್ಚಿ ಬೆಳೆದವರಿಗೆ 8ರ ಹಾಜರಿ ಯಾವ ಲೆಕ್ಕ? ನಮ್ಮಪ್ಪ ಅವ್ವನಿಗಿಂತ ಶಿಸ್ತಿನಿಂದ ದುಡಿದವರು ಈ ನೆಲದ ಮೇಲೆ ಯಾರಿದ್ದಾರೆ? ಕಟ್ಟುನಿಟ್ಟು ಬೇಕು. ಆದರೆ ಅದು ಎರಡು ಕಡೆಗೂ ಬೇಕು. ಬರುವ ಹೊತ್ತಿಗೆ ಗಡಿಯಾರ ಇದ್ದರೆ ಹೋಗುವ ಹೊತ್ತಿಗೂ ಇರಬೇಕು. ನಮ್ಮ ತಪ್ಪಿಗೆ ದಂಡ ಇದ್ದರೆ ನಮ್ಮ ಹೆಚ್ಚಿನ ತಾಸಿಗೆ ಕೂಲಿ ಇರಬೇಕು. ಇವೆಲ್ಲ ಅವರ ನಾಲಿಗೆಯ ಮೇಲಲ್ಲ, ಕಾಗದದ ಮೇಲೆ ಇರಬೇಕು. ಕಾಗದ ಇದ್ದರೆ ಶಿಸ್ತು ನೌಕರಿ. ಕಾಗದ ಇಲ್ಲದಿದ್ದರೆ ಅದೇ ಶಿಸ್ತು ಜೀತ. ಜೀತ ಪದ್ಧತಿ 1976ರ ಕಾಯ್ದೆಯಿಂದ ರದ್ದಾಯಿತು ಅಂತ ಪುಸ್ತಕದಲ್ಲಿ ಓದಿ ಅಂಕ ತೆಗೆದುಕೊಂಡೆವು. ಅದು ಹೊಲದಿಂದ ಎದ್ದು, ಅಂಗಿ ಇಸ್ತ್ರಿ ಮಾಡಿಕೊಂಡು, ಫ್ಯಾನಿನ ಕೆಳಗೆ ಬಂದು ಕೂತಿದೆ ಅಂತ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಹಳೇ ಪದ್ಧತಿ ಅನ್ನುವ ಮಾತೂ ಹಾಗೇ. ಯಾರಿಗೆ ಹಳೇದು, ಯಾವುದು ಹಳೇದು? ಲೆಕ್ಕ ತಿದ್ದಬಾರದು ಅನ್ನುವುದು ಹಳೇ ಪದ್ಧತಿಯೇ, ಅದನ್ನು ನಾವು ಕಲಿತೆವು. ಮೈಲಿಗೆಯೂ ಹಳೇ ಪದ್ಧತಿಯೇ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ತಗೊಂಡರೆ ಎರಡೂ ತಗೋ ಅಂತಾರೆ. ಗಂಟು ಬಿಚ್ಚಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಮುಖದ ಮೇಲೆ ಎಸೆಯುವ ಹಕ್ಕು ನಮಗಿದೆ. ಸಂವಿಧಾನದ 17ನೇ ವಿಧಿ ಅಂಗಡಿಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟಂತೆ ಬಿಟ್ಟು ಹೋಗುವ ವಸ್ತು ಅಲ್ಲ.

ನಮ್ಮವರೇ ಅಂತಾರೆ, 'ಕಾಗದ ಕೇಳಿದ್ರ ಇದ್ದ ಕೆಲಸಾನೂ ಹೋಗ್ತದ, ಹುಚ್ಚಪ್ಪಗೋಳಿರಾ.' ಸುಳ್ಳಲ್ಲ. ನಮ್ಮದು ಹೋಯಿತು. ಹೇಗೆ ಹೋಯಿತು ಅನ್ನುವುದನ್ನು ಮುಚ್ಚಿಡದೆ ಹೇಳುತ್ತೇವೆ.

ಎರಡನೇ ದೀಪಾವಳಿ ಬಂತು. ಈ ಸಲ 'ಕಟ್ಟಿ ಮ್ಯಾಲ ನಿಂದ್ರಿ' ಅನ್ನುವ ಮೊದಲೇ ನಾವು ಹೋಗಿ ನಿಂತಿದ್ದೆವು. ಅವರು ಹೇಳದೆಯೇ! ನಮ್ಮ ಕಾಲು ತಾನಾಗಿ ಹೊರಗೆ ನಡೆದಿತ್ತು. ಅದನ್ನು ನೋಡಿ ನಮಗೆ ನಮ್ಮ ಮೇಲೇ ಹೇಸಿಗೆ ಬಂತು. ಆ ವಾರವೇ ಅರ್ಧ ಹಾಳೆಯ ಮೇಲೆ ನಾಲ್ಕು ಸಾಲು ಬರೆದೆವು. ನೇಮಕದ ಕಾಗದ, ಕೆಲಸದ ತಾಸು, ವಾರದ ಸೂಟಿ, ಎಲ್ಲರಿಗೂ ಒಂದೇ ವಾಟಿ. ಕೆಳಗೆ ಮೂವರೂ ಸಹಿ ಮಾಡಿದೆವು. ಸಾಹುಕಾರರು ಎರಡು ಸಲ ಓದಿದರು. ಸಿಟ್ಟಾಗಲಿಲ್ಲ. 'ನೋಡೋಣ' ಅಂದು ಗಾದಿಯ ಕೆಳಗಿಟ್ಟರು. ಮೂರನೇ ದಿನ ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನಿಗೆ, 'ನಾಳಿಂದ ನಿನ್ನ ಕೆಲಸ ಇಲ್ಲ' ಅಂದರು.

ಉಳಿದ ಇಬ್ಬರು ಆ ದಿನವೇ ಎದ್ದು ಬರಬೇಕಿತ್ತು. ಬರಲಿಲ್ಲ. ಪಗಾರಕ್ಕೆ 11 ದಿನ ಬಾಕಿ ಇತ್ತು. 11 ದಿನ ಅವನ ಖಾಲಿ ಸ್ಟೂಲಿನ ಪಕ್ಕದಲ್ಲಿ ಕೂತು ಲೆಕ್ಕ ಬರೆದೆವು. ರಾತ್ರಿ ಕೋಣೆಗೆ ಹೋದರೆ ಅವನು ಅಡುಗೆ ಮಾಡಿಟ್ಟಿರುತ್ತಿದ್ದ, ಒಂದು ಮಾತೂ ಆಡುತ್ತಿರಲಿಲ್ಲ. ಪದ್ಯದಲ್ಲಿ ಬೆಂಕಿ, ಕೆಂಡ, ಕ್ರಾಂತಿ ಅಂತ ಬರೆಯುವ ನಮ್ಮಂಥವರ ಧೈರ್ಯ 11 ದಿನ ತಡವಾಗಿ ಬಂತು. ಸಭೆಯಲ್ಲಿ ಗಂಟಲು ಹರಿಯುವಂತೆ ಘೋಷಣೆ ಕೂಗುವ ಗೆಳೆಯರಿಗೆ ಇದು ಗೊತ್ತಿರಲಿ. ಹಸಿವಿನ ಮುಂದೆ ಒಬ್ಬೊಬ್ಬರ ಧೈರ್ಯ ಸಾಲುವುದಿಲ್ಲ. ಅದಕ್ಕೇ ಸಂಘ ಬೇಕಾಗುವುದು.

ಪಗಾರ ಕೈಗೆ ಬಂದ ದಿನ ಮೂವರೂ ಸೇರಿ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋದೆವು. ಸಾಕ್ಷಿ ಕೇಳಿದರು. ನಮ್ಮ ಫೋನಿನಲ್ಲಿ ರಾತ್ರಿ 11ಕ್ಕೆ ಬಂದ ಕರೆಗಳ ಪಟ್ಟಿ ಇತ್ತು. ಚಿಕ್ಕವನು ಒಂದು ಪಾಕೀಟು ಡೈರಿ ತೆಗೆದಿಟ್ಟ. ಹಮಾಲ ಕಾಕಾ ಕೇಳಿದ ಮರುದಿನದಿಂದ ಅವನು ದಿನಾ ಬಂದ ಹೊತ್ತು, ಹೋದ ಹೊತ್ತು ಬರೆದಿಟ್ಟಿದ್ದ. ನಮಗೂ ಹೇಳಿರಲಿಲ್ಲ. ಸಾಹುಕಾರರು ಕಲಿಸಿದ ಹಾಗೆ ಒಂದು ಕಡೆಯೂ ತಿದ್ದಿರಲಿಲ್ಲ. ಸಾಕ್ಷಿಗೆ ಬಂದವರು ಇಬ್ಬರು. ಹಮಾಲ ಕಾಕಾ ಒಬ್ಬ. ಇನ್ನೊಬ್ಬಳು ಆ ಮೊರದ ತಾಯಿ. ಯಾಕೆ ಬಂದಳೋ ನಮಗೆ ಕೇಳುವ ಮುಖ ಇರಲಿಲ್ಲ.

ನಾಲ್ಕು ಸಲ ತಿರುಗಾಡಿದ ಮೇಲೆ ಚಿಕ್ಕವನಿಗೆ ಒಂದು ತಿಂಗಳ ಪಗಾರ ಸಿಕ್ಕಿತು. ಹೆಚ್ಚಿನ ತಾಸಿನ ಕೂಲಿ ಇನ್ನೂ ಸಿಕ್ಕಿಲ್ಲ, ಬಿಡುವುದಿಲ್ಲ. ಕಪ್ಪಿನ ಮಾತು ಎತ್ತಿದರೆ ಎಲ್ಲರೂ ನೆಲ ನೋಡುತ್ತಾರೆ. ಅದರ ದಾರಿ ಬೇರೆ, ಆ ದಾರಿಯನ್ನೂ ಹಿಡಿಯುತ್ತೇವೆ. ಆದರೆ ಆ ಒಂದು ತಿಂಗಳ ಪಗಾರದ ವೋಚರು ನಮ್ಮ ಹತ್ತಿರ ಇದೆ. ಅದರ ಮೇಲೆ ಅಂಗಡಿಯ ಸೀಲಿದೆ. ಅವನ ಪೂರ್ತಿ ಹೆಸರಿದೆ, ಅಪ್ಪನ ಹೆಸರಿದೆ, ಎದುರಿಗೆ 'ಗುಮಾಸ್ತ' ಅಂತ ಬರೆದಿದೆ. 'ಹುಡುಗರು' ಅಂತ ಇಲ್ಲ.

ಹಾಸ್ಟೆಲಿನ ಗೆಳೆಯರೇ, ನೌಕರಿಗೆ ಹೋಗಬೇಡಿ ಅಂತ ನಾವು ಹೇಳುವುದಿಲ್ಲ. ಹೋಗಿ. ಹೊತ್ತಿಗೆ ಸರಿಯಾಗಿ ಹೋಗಿ, ಲೆಕ್ಕ ಕಲಿಯಿರಿ, ಯಾರೂ ಬೆರಳು ತೋರಿಸದ ಹಾಗೆ ಕೆಲಸ ಮಾಡಿ. ಆದರೆ ಸೇರಿದ ಮೊದಲ ತಿಂಗಳೇ ಕಾಗದ ಕೇಳಿ. ಒಬ್ಬರೇ ಕೇಳಬೇಡಿ, ಎಷ್ಟು ಜನ ಇದ್ದೀರೋ ಅಷ್ಟೂ ಜನ ಸೇರಿ ಕೇಳಿ. ಪಗಾರ ಬ್ಯಾಂಕಿನ ಖಾತೆಗೆ ಹಾಕಿಸಿಕೊಳ್ಳಿ. ಕೈಗಡ ಇಸಿದುಕೊಂಡರೆ ಅದನ್ನೂ ಬರೆಸಿ, ತೀರಿದ್ದನ್ನೂ ಬರೆಸಿ. ಉಪಕಾರ ಅಂತ ಬಾಯಲ್ಲಿ ಉಳಿಯಲು ಬಿಡಬೇಡಿ. ದಿನಾ ಹೊತ್ತು ಬರೆದಿಡಿ. ಮುಖ್ಯವಾಗಿ, ನಿಮ್ಮ ಮೇಜಿನ ಹೊರಗೆ ಕಟ್ಟೆಯ ಮೇಲೆ ಕೂತವರ ಹೆಸರು ಕೇಳಿ ತಿಳಿದುಕೊಳ್ಳಿ. ನಿಮ್ಮನ್ನು ಹೊರಗೆ ಹಾಕಿದ ದಿನ ಸಾಕ್ಷಿಗೆ ಬರುವವರು ಗಾದಿಯವರಲ್ಲ, ಅವರೇ.

ಈಗ ಚಿಕ್ಕವನು ಬೇರೆ ಕಡೆ ಲೆಕ್ಕ ಬರೆಯುತ್ತಾನೆ. ಸೇರುವ ಮೊದಲ ದಿನವೇ ಕಾಗದ ಕೇಳಿದನಂತೆ. ಆ ಮಾಲಕನೂ 'ನೋಡೋಣ' ಅಂದನಂತೆ. ಚಿಕ್ಕವನು ಕಿಸೆಯಿಂದ ಡೈರಿ ತೆಗೆದು ತಾರೀಕು ಹಾಕಿ, 'ನೋಡೋಣ ಅಂದರು' ಅಂತ ಅವನೆದುರಿಗೇ ಬರೆದುಕೊಂಡನಂತೆ.

ಜೈ ಭೀಮ್.